ಬಾಡಿಗೆ ಮನೆಗಾಗಿ ಆದ ಅಕ್ಕ

ಕಳೆದ ವಾರ ಒಂದು ಕಥೆಯ ಕೊನೆಯನ್ನು ಮೊದಲೇ ಓದಿಬಿಟ್ಟೆ. ತಪ್ಪು ನನ್ನದೇ. ಅದು ಜಪಾನಿನ ಮಾಂಗಾ ಕಾಮಿಕ್ಸ್. ಬಲದಿಂದ ಎಡಕ್ಕೆ ಓದಬೇಕಂತೆ.

"ಅಜ್ಜಾ, ಉಲ್ಟಾ ಓದಾಕತ್ತೀರಿ," ಎಂದು ಒಂಬತ್ತನೇ ಕ್ಲಾಸಿನ ಮೊಮ್ಮಗಳು ಅನು ನಕ್ಕಳು. (ಹೈದರಾಬಾದಿನಲ್ಲಿ ಇಷ್ಟು ವರ್ಷ ಉರ್ದು ಬೋರ್ಡು ನೋಡಿದವನಿಗೆ ಇದು ಹೊಳೆಯಬೇಕಿತ್ತು.)

ಕಥೆ ಮಜವಾಗಿದೆ. ಅಪ್ಪ, ಅಮ್ಮ, ಮಗಳು. ನೋಡಲು ಸುಖೀ ಸಂಸಾರ. ಆದರೆ ಯಾರಿಗೂ ಯಾರೂ ಸಂಬಂಧಿಕರಲ್ಲ. ಏನೋ ಕೆಲಸಕ್ಕಾಗಿ ಒಂದೇ ಮನೆಯಲ್ಲಿ ಸಂಸಾರದ ಸೋಗು. ಒಬ್ಬೊಬ್ಬರದೂ ಒಂದೊಂದು ಗುಟ್ಟು. ಹೀಗೆಲ್ಲ ಎಲ್ಲಾದರೂ ನಡೆಯುತ್ತದೆಯೇ?

ನಡೆಯುತ್ತದೆ. ನಾನೇ ನಡೆಸಿದ್ದೇನೆ.

ಹಿಂದೆ ಮುಂದೆ ಯಾರೂ ಇಲ್ಲದ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಬೀದರ್ ಕಡೆಯಿಂದ ಬಂದು ಹಿಮಾಯತ್‌ನಗರದ ಬಟ್ಟೆ ಅಂಗಡಿಯೊಂದರಲ್ಲಿ ಸೇರಿದ್ದೆ. ಪಕ್ಕದ ಟೇಲರ್ ಅಂಗಡಿಯಲ್ಲಿ ಶಾಂತಕ್ಕ ರವಿಕೆ ಹೊಲಿಯುತ್ತಿದ್ದಳು. ಗಂಡ ಬಿಟ್ಟುಹೋದವಳು, ನಮ್ಮ ಕಡೆಯವಳೇ. ಇಬ್ಬರಿಗೂ ಮನೆ ಬೇಕಿತ್ತು. ಸಂಸಾರಸ್ಥರಿಗೆ ಮಾತ್ರ ಮನೆ ಎಂದಳು ಓನರಮ್ಮ. "ಇವಳು ನಮ್ಮಕ್ಕ," ಎಂದೆ. ಒಳಕೋಣೆ ಅವಳಿಗೆ, ಪಡಸಾಲೆ ನನಗೆ.

ನಾಗಪಂಚಮಿ ಬಂತು. ಅಕ್ಕನಿಗೆ ಬಳೆ ತರಲಿಲ್ಲವೇ ಎಂದು ಓನರಮ್ಮ ಕೇಳಿದಳು. ತಂದುಕೊಟ್ಟೆ. ಶಾಂತಕ್ಕ ಆರತಿ ಎತ್ತಿ ಶೇಂಗಾ ಉಂಡಿ ಕೊಟ್ಟಳು.

ನನ್ನ ಮದುವೆಯಲ್ಲಿ ಕಳಸ ಹಿಡಿದು ನಿಂತವಳೂ ಅವಳೇ. ಆಮೇಲೆ ಬೇರೆ ಮನೆ ಮಾಡಿದೆ. ಪ್ರತಿ ಪಂಚಮಿಗೆ ಹೋಗಿ ಕರೆತರುತ್ತೇನೆ. ನಿಜವನ್ನು ಮಾತ್ರ ಹೆಂಡತಿ ಸಾವಿತ್ರಿಗೂ ಹೇಳಲಿಲ್ಲ. ಮೊದಲು ಮನೆ ಹೋದೀತೆಂಬ ಭಯ. ಆಮೇಲೆ ಹೆಂಡತಿಯ ಭಯ. ಹೇಳಿದರೆ ಶಾಂತಕ್ಕನಿಗೆ ನಮ್ಮ ಬಾಗಿಲು ಮುಚ್ಚಿಬಿಟ್ಟರೆ?

ಈ ಪಂಚಮಿಗೂ ಅಮೀರ್‌ಪೇಟ್‌ನ ಅವಳ ಮನೆಯಿಂದ ಕ್ಯಾಬಿನಲ್ಲಿ ಕರೆತಂದೆ. ಊಟಕ್ಕೆ ಕೂತಾಗ ಅನು, "ಎಲ್ಲಾರೂ ಒಂದೊಂದು ಸೀಕ್ರೆಟ್ ಹೇಳ್ರಿ," ಎಂದಳು. ಮಾಂಗಾದ ಪ್ರಭಾವ. ಈ ವಯಸ್ಸಿನಲ್ಲಿ ಇನ್ನೆಷ್ಟು ದಿನ ಹೊರಲಿ? ಹೇಳಿಬಿಟ್ಟೆ.

ಉಂಡಿ ಮುರಿಯುತ್ತಿದ್ದ ಶಾಂತಕ್ಕನ ಕೈ ನಿಂತಿತು. ಸಾವಿತ್ರಿ ಅವಳತ್ತ ತಿರುಗಿದಳು. "ಖರೇನ ಏನ್ರೀ ಅಕ್ಕಾರ?"

"ಖರೇ. ಮನಿ ಸಲುವಾಗಿ ತಮ್ಮ ಆದ," ಎಂದಳು ಶಾಂತಕ್ಕ. "ಆ ಮನಿ ಬಿಟ್ಟು ಭಾಳ ವರ್ಷ ಆತು. ಮತ್ತ ಪ್ರತಿವರ್ಷ ಯಾಕ ಕರಿಯಾಕ ಬರ್ತಾನ, ಅದನ್ನ ಕೇಳವ್ವ."

ಸಾವಿತ್ರಿ ಎದ್ದಳು.

ತುಪ್ಪದ ಗಿಂಡಿ ತಂದು ಶಾಂತಕ್ಕನ ಎಲೆಗೆ ಬಡಿಸಿದಳು. "ಇಷ್ಟು ವರ್ಷ ಗಂಡನ ಅಕ್ಕ ಅಂತ ನಿಮ್ಮ ಮುಂದ ಸೆರಗು ಹೊತ್ತು ನಿಂತೀನಿ. ಈಗ ಅಲ್ಲ ಅಂದ್ರ ನಾ ಬಿಡ್ತೀನೇನು? ಉಣ್ರಿ." ನನ್ನ ಎಲೆಗೆ ತುಪ್ಪ ಬರಲಿಲ್ಲ.

"ಅಜ್ಜಾ, ನಿಮ್ಮದೂ ಉಲ್ಟಾನ ಆತು," ಎಂದಳು ಅನು.

ಮೂರು ದಿನ ಸಾವಿತ್ರಿ ನನ್ನೊಂದಿಗೆ ಮಾತಾಡಲಿಲ್ಲ. ಶಾಂತಕ್ಕನಿಗೆ ಮಾತ್ರ ದಿನಾ ಎರಡು ಸಲ ಫೋನ್.

ಈಗ ನೀವೇ ಹೇಳಿ, ಈ ಮನೆಗೆ ಹೊರಗಿನವರು ಯಾರು?