ಫ್ರಿಜ್ ಇದ್ದವರು ಒಂದು ಹೆಜ್ಜಿ ಮುಂದ ಬರ್ರಿ

ತರಬೇತಿಗೆ ಹೋದವರು ಸುಳ್ಳು ಹೇಳಬಾರದು ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳುತ್ತಿರಲಿಲ್ಲ ಬಿಡಿ.

ಎರಡು ಬೇಸಿಗೆಗಳ ಹಿಂದೆ ಅಂಗನವಾಡಿ ಕಾರ್ಯಕರ್ತೆಯರಾದ ನಮ್ಮನ್ನು ಹವಾಮಾನ ಬದಲಾವಣೆಯ ತರಬೇತಿಗೆಂದು ವಿಜಯಪುರಕ್ಕೆ ಕರೆದಿದ್ದರು. ಬಿಜ್ಜರಗಿಯಿಂದ ಮೊದಲ ಬಸ್ಸಿಗೇ ಹೊರಟೆ. ಹೊರಡುವ ಮುಂಚೆ ಅವ್ವನ ಇನ್ಸುಲಿನ್ ಬಾಟಲಿಯನ್ನು ತಂಪಾಗಿರಲೆಂದು ಗಡಿಗೆಯಲ್ಲಿಟ್ಟು, ಸುತ್ತಲಿನ ಉಸುಕಿಗೆ ನೀರು ಹಾಕಿ, "ಮಧ್ಯಾಹ್ನ ಮತ್ತೊಮ್ಮಿ ನೀರು ಹಾಕಬೇ, ಮರೀಬ್ಯಾಡ" ಎಂದು ಹೇಳಿದ್ದೆ. ಹಿಂದಿನ ತಿಂಗಳು ಒಂದು ಬಾಟಲಿ ಸೆಕೆಗೆ ಕೆಟ್ಟು, ಅವಳ ಸಕ್ಕರೆ ಏರಿ, ಮೂರು ದಿನ ಆಸ್ಪತ್ರೆಯಲ್ಲಿ ಮಲಗಿದ್ದಳು.

"ಪಾಠ ಬ್ಯಾಡ್ರಿ, ಆಟ ಆಡೂಣು" ಎಂದರು ತರಬೇತಿ ಕೊಡುವ ಮೇಡಂ. ನನಗಿಂತ ಚಿಕ್ಕವರು, ನಗುಮುಖದವರು. ಎಲ್ಲರನ್ನೂ ಗೋಡೆಗೆ ಸಾಲಾಗಿ ನಿಲ್ಲಿಸಿದರು. ಮನೆಯಲ್ಲಿ ಇರುವ ಒಂದೊಂದು ವಸ್ತುವಿಗೂ ಒಂದು ಹೆಜ್ಜೆ ಮುಂದೆ ಬರಬೇಕು. ಯಾಕೆ ಅಂತ ಮಾತ್ರ ಹೇಳಲಿಲ್ಲ.

"ಗಾಡಿ ಇದ್ದವರು?" ನನ್ನ ಪಕ್ಕದಲ್ಲಿದ್ದ ಕಳ್ಳಕವಟಗಿಯ ಕಾರ್ಯಕರ್ತೆ, ದ್ರಾಕ್ಷಿ ತೋಟದ ಮನೆಯವಳು, ಸೆರಗು ಸರಿಮಾಡಿಕೊಂಡು ಮುಂದೆ ಹೋದಳು. ಹೋದವಳು ನನ್ನನ್ನೊಮ್ಮೆ ತಿರುಗಿ ನೋಡಿದಳು. ಮೈ ಉರಿದುಹೋಯಿತು. ನಾನೂ ಹೆಜ್ಜೆ ಇಟ್ಟೆ. "ಫ್ರಿಜ್?" ಇಟ್ಟೆ. "ವಾಷಿಂಗ್ ಮಷೀನ್?" ಅದಕ್ಕೂ ಇಟ್ಟೆ. "ಏಸಿ?" ಅಂದಾಗ ಅವಳೇ ನಿಂತುಬಿಟ್ಟಳು. ನಾನು ನಿಲ್ಲಲಿಲ್ಲ.

"ಯಪ್ಪಾ! ಬಿಜ್ಜರಗಿ ಟೀಚರ್ ಮನ್ಯಾಗ ಏಸಿ ಐತಂತ!" ಎಂದು ಹಿಂದಿನಿಂದ ಯಾರೋ ಅಂದರು.

ಕೊನೆಗೆ ಎಲ್ಲರಿಗಿಂತ ಮುಂದೆ ನಾನೊಬ್ಬಳೇ. ಬಹುಮಾನ ಕೊಡುತ್ತಾರೆ ಅಂದುಕೊಂಡು ಎದೆಯುಬ್ಬಿಸಿ ನಿಂತಿದ್ದೆ.

"ಮುಂದ ನಿಂತವರು ಭೂಮಿನ ಹೆಚ್ಚು ಬಿಸಿ ಮಾಡಾಕತ್ತೀರಿ" ಎಂದರು ಮೇಡಂ. "ಗೋಡಿ ಹತ್ರ ಇದ್ದವರು ಗೆದ್ದಾರ. ಅವರಿಗೆ ಚಪ್ಪಾಳಿ ಹೊಡೀರಿ. ಟೀಚರ್, ಎಲ್ಲಾರಕಿಂತ ಮುಂದ ನೀವ ಅದೀರಿ. ಫ್ರಿಜ್ ಬಿಡ್ತೀರೇನು?"

"ಹೆಂಗ ಬಿಡ್ಲಿ? ಇದ್ರ ಅಲ್ಲೇನ್ರಿ ಬಿಡೂದು!"

ಬಾಯಿ ತಪ್ಪಿ ಬಂದೇಬಿಟ್ಟಿತು. ಎಲ್ಲರೂ ಗೊಳ್ಳೆಂದು ನಕ್ಕರು. ನಾಚಿಕೆಯಾಗಬೇಕಿತ್ತು, ಸಿಟ್ಟು ಬಂತು. ಅವರ ನಡುವೆಯೇ ಹಾದು ಹೋಗಿ ಗೋಡೆಗೆ ಬೆನ್ನು ಹಚ್ಚಿ ನಿಂತೆ.

"ನನ್ನ ಖರೆ ಜಾಗಾ ಇದು. ಗೆದ್ದೀರಂತ ಚಪ್ಪಾಳಿ ಮಾತ್ರ ಹೊಡೀಬ್ಯಾಡ್ರಿ. ಈ ಸೆಕಿ ನಾ ಮಾಡಿದ್ದಲ್ಲ, ಆದ್ರ ನಮ್ಮವ್ವನ ಔಷಧ ಇದ ಸೆಕಿಗೆ ಕೆಟ್ಟೈತಿ. ನನಗ ಫ್ರಿಜ್ ಬೇಕ್ರಿ. ಬೇಕನ್ನಾವರು ನಿಮ್ಮ ಆಟದಾಗ ಎಲ್ಲಿ ನಿಲ್ಲಬೇಕು, ಹೇಳ್ರಿ."

ಮೇಡಂ ಕೈಯಲ್ಲಿದ್ದ ಹಾಳೆಯನ್ನು ಹಿಂದೆ ಮುಂದೆ ತಿರುವಿ ನೋಡಿದರು.

"ಇದು ಬರೇ ಆಟ ರೀ, ಅಕ್ಕಾರ" ಎಂದರು ಮೆಲ್ಲಗೆ.

"ನಿಮಗ ಆಟ" ಅಂದೆ.

ಊರಿಗೆ ಮರಳಿದ ಮೇಲೆ ಅಲ್ಲಿನ ತಾಯಂದಿರಿಂದಲೂ ಅದೇ ಆಟ ಆಡಿಸಿ ಮೇಡಂಗೆ ಫೋಟೊ ಕಳಿಸಬೇಕಿತ್ತು. ಕಳಿಸಿಲ್ಲ. ಏನೂ ಇಲ್ಲದೆ ಗೋಡೆಗೆ ನಿಂತವರಿಗೆ ನೀವು ಗೆದ್ದಿರಿ ಎಂದು ಹೇಳುವುದು ನನ್ನಿಂದ ಆಗದ ಕೆಲಸ. ಭೂಮಿ ಬಿಸಿಯಾಗುತ್ತಿರುವುದು ನನಗೂ ಗೊತ್ತು, ದಿನಾ ಗಡಿಗೆ ಮುಟ್ಟಿ ನೋಡುವವಳು ನಾನು. ನನ್ನ ಮನೆಗೆ ಫ್ರಿಜ್ ಬಂದ ದಿನ ಒಂದು ಹೆಜ್ಜೆ ಮುಂದೆ ಇಡುತ್ತೇನೆ, ಯಾರ ಕ್ಷಮೆಯನ್ನೂ ಕೇಳುವುದಿಲ್ಲ.