ಊಟದ ಮೇಜಿನ ಮೇಲೊಂದು ಜರ್ಮನ್ ಹಳ್ಳಿ

ನನ್ನ ಯಜಮಾನರು ಜರ್ಮನ್ ಭಾಷೆಯಲ್ಲಿ ನಗುವುದನ್ನು ನಾನು ಮೊದಲು ಕೇಳಿದ್ದು ೧೯೯೦ರಲ್ಲಿ, ಕುವೈತಿನ ಜಾಬ್ರಿಯಾದಲ್ಲಿದ್ದ ನಮ್ಮ ಮನೆಯಲ್ಲಿ. ನಗುವಿಗೂ ಭಾಷೆ ಇರುತ್ತದೆಯೇ ಎಂದು ಯಾರಾದರೂ ಕೇಳಿಯಾರು. ಇರುತ್ತದೆ. ಮದುವೆಯಾದಾಗಿನಿಂದ ನಾನು ಕೇಳುತ್ತ ಬಂದ ಇವರ ನಗು ಗಂಟಲಲ್ಲಿ ಹುಟ್ಟಿ ಅರ್ಧಕ್ಕೇ ನಿಲ್ಲುತ್ತಿತ್ತು. ಇದು ಹೊಟ್ಟೆಯಿಂದ ಬರುತ್ತಿತ್ತು. ಸಾರಿಗೆ ಒಗ್ಗರಣೆ ಹಾಕುತ್ತಿದ್ದವಳು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನೋಡಿದೆ. ಊಟದ ಮೇಜಿನ ಮೇಲೆ ತಟ್ಟೆ ಇಡಲು ಜಾಗವಿಲ್ಲದಂತೆ ಕಾಗದ ಹರಡಿತ್ತು. ಒಂದೇ ಹಾಳೆಯ ಮೇಲೆ ಇವರ ತಲೆಯೂ ಆಕೆಯ ತಲೆಯೂ ಬಾಗಿದ್ದವು.

ಆಕೆ ಇವರ ಆಫೀಸಿನವಳು. ಶರ್ಕ್‌ನಲ್ಲಿದ್ದ ಎಂಜಿನಿಯರಿಂಗ್ ಕಂಪನಿಯೊಂದರಲ್ಲಿ ಇಬ್ಬರೂ ನೀರಿನ ಪೈಪುಗಳ ನಕ್ಷೆ ಮಾಡುತ್ತಿದ್ದರು. ಪಶ್ಚಿಮ ಜರ್ಮನಿಯವಳು, ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು, ಮದುವೆಯಾಗಿರಲಿಲ್ಲ. ನಮ್ಮ ಮದುವೆಗೆ ಮುಂಚೆ ಇವರು ಜರ್ಮನಿಯಲ್ಲಿ ಎರಡು ವರ್ಷ ಓದಿದ್ದರು. ಆ ಎರಡು ವರ್ಷದ ಬಗ್ಗೆ ನನಗೆ ಹೇಳಿದ್ದು ಬಹಳ ಕಡಿಮೆ. ಚಳಿ ಇತ್ತು, ಅನ್ನ ಸಿಗುತ್ತಿರಲಿಲ್ಲ, ಅಷ್ಟೇ. ಆಕೆ ಬಂದು ಕೂತರೆ ಮಾತ್ರ ಆ ಎರಡು ವರ್ಷಕ್ಕೆ ಬಾಯಿ ಬರುತ್ತಿತ್ತು.

ಆಕೆ ಹುಟ್ಟಿದ ಹಳ್ಳಿ ಎರಡು ಜರ್ಮನಿಗಳ ನಡುವಿನ ಗಡಿಯ ಮೇಲೇ ಇತ್ತಂತೆ, ಪೂರ್ವದ ಕಡೆ. ಆಕೆ ಎಂಟು ವರ್ಷದ ಹುಡುಗಿಯಾಗಿದ್ದಾಗ, ಗಡಿಯ ಹತ್ತಿರ ಜನ ಇರಕೂಡದೆಂದು ಸರ್ಕಾರದವರು ಒಂದು ಬೆಳಗ್ಗೆ ಲಾರಿ ತಂದು ಊರಿನವರನ್ನೆಲ್ಲ ಹತ್ತಿಸಿ ಒಂದೊಂದು ಮನೆಯವರನ್ನು ಒಂದೊಂದು ಜಿಲ್ಲೆಗೆ ಒಯ್ದುಬಿಟ್ಟರು. ಆಕೆಯ ಅಮ್ಮ ಮಾತ್ರ ಸುಳಿವು ಸಿಕ್ಕಿ ಮಗಳ ಕೈ ಹಿಡಿದುಕೊಂಡು ಕಾಡಿನ ದಾರಿಯಲ್ಲಿ ಪಶ್ಚಿಮಕ್ಕೆ ದಾಟಿದ್ದಳು. ಆಮೇಲೆ ಮನೆಗಳನ್ನೂ ಕೆಡವಿದರು. ಈಗ ಗಡಿ ತೆರೆದಿತ್ತು. ಪೂರ್ವದ ಚರ್ಚುಗಳಿಗೂ ದಫ್ತರಖಾನೆಗಳಿಗೂ ಬರೆದು, ಹುಟ್ಟು, ಮದುವೆ, ಸಾವು ದಾಖಲಾದ ಪುಸ್ತಕಗಳ ಜೆರಾಕ್ಸ್ ಪ್ರತಿಗಳನ್ನು ಆಕೆ ತರಿಸಿಕೊಳ್ಳುತ್ತಿದ್ದಳು. ಊರಿನ ಒಬ್ಬೊಬ್ಬರೂ ಎಲ್ಲಿ ಹೋಗಿ ಸೇರಿದರು ಎಂದು ಹುಡುಕುವುದು ಆಕೆಯ ಹಟ. ಎಲ್ಲರಿಗಿಂತ ಹೆಚ್ಚಾಗಿ ಪಕ್ಕದ ಮನೆಯ ಹುಡುಗಿ ಬೇಕಾಗಿತ್ತು. ಶಾಲೆಯಲ್ಲಿ ಇಬ್ಬರೂ ಒಂದೇ ಬೆಂಚಿನವರು.

ಹಳೇ ಜರ್ಮನ್ ಕೈಬರಹ ಇರುವೆ ಸಾಲಿನ ಹಾಗಿತ್ತು. ಅದನ್ನು ಓದಲು ಇವರು ರಾಯ್ ಎಂಬ ಅಂಗಡಿಗಳ ಬಡಾವಣೆಗೆ ಹೋಗಿ ಭೂತಗನ್ನಡಿ ಇರುವ ದೀಪವೊಂದನ್ನು ಕೊಂಡು ತಂದರು. ನಾನು ಅಡುಗೆಮನೆಯ ಟ್ಯೂಬ್‌ಲೈಟು ಮಿಣುಕುತ್ತಿದೆ ಎಂದು ತಿಂಗಳಿಂದ ಹೇಳುತ್ತಿದ್ದೆ.

"ಅಲ್ರೀ, ಯಾರದೋ ಊರಿನ ಸತ್ತವರನ್ನ ಹುಡುಕೋದ್ರಲ್ಲಿ ನಿಮಗೇನು ಸಿಗುತ್ತೆ?" ಎಂದು ಒಂದು ದಿನ ಕೇಳಿದೆ.

"ಸತ್ತವರಲ್ಲ ಕಣೇ, ಬದುಕಿರೋರು. ಒಂದು ಮನೆ ಸಿಕ್ಕಿದ್ರೆ ಎಷ್ಟು ಖುಷಿಯಾಗುತ್ತೆ ಗೊತ್ತಾ?" ಎಂದರು. ಕಣ್ಣು ಹೊಳೆಯುತ್ತಿತ್ತು.

ಆ ಹೊಳಪು ಕಂಡು ನನಗೆ ಉರಿಯಿತು. ಇಬ್ಬರ ನಡುವೆ ಏನೋ ಇದೆ ಎಂಬ ಅನುಮಾನ ನನಗಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು, ಜಗಳ ಮಾಡಬಹುದಾಗಿತ್ತು. ನನ್ನಪ್ಪ ಸ್ಟೇಷನ್ ಮಾಸ್ಟರ್. ಬೀರೂರು, ಅರಸೀಕೆರೆ, ಗುಂತಕಲ್ಲು ಎಂದು ರೈಲ್ವೆ ಕ್ವಾರ್ಟರ್ಸಿನಿಂದ ಕ್ವಾರ್ಟರ್ಸಿಗೆ ಹಾಸಿಗೆ ಸುತ್ತಿಕೊಂಡು ತಿರುಗಿದವಳು ನಾನು. ನಿಮ್ಮೂರು ಯಾವುದು ಎಂದರೆ ಇವತ್ತಿಗೂ ತಡವರಿಸುತ್ತೇನೆ. ಇಷ್ಟು ವರ್ಷದಲ್ಲಿ ಇವರು ಒಮ್ಮೆಯೂ ನನ್ನ ಬಾಲ್ಯದ ಗೆಳತಿಯರ ಹೆಸರು ಕೇಳಿದವರಲ್ಲ. ಆಕೆಯ ಊರಿನ ಕಮ್ಮಾರನ ಹೆಂಡತಿಯ ತವರುಮನೆ ಇವರಿಗೆ ಬಾಯಿಪಾಠವಾಗಿತ್ತು. ಕಳೆದುಕೊಳ್ಳುವುದಕ್ಕಾದರೂ ಒಂದು ಊರು ಇರಬೇಕಲ್ಲ, ಆಕೆಗೆ ಅದೂ ಇತ್ತು.

ಆಗಸ್ಟಿನ ಒಂದು ಗುರುವಾರ ಬೆಳಗ್ಗೆ ಇರಾಕಿನ ಟ್ಯಾಂಕುಗಳು ಊರೊಳಗೆ ಬಂದವು. ಮಗಳು ರಜಕ್ಕೆಂದು ಮೈಸೂರಿನಲ್ಲಿ ಅಜ್ಜಿಯ ಹತ್ತಿರ ಇದ್ದಳು, ಅದೊಂದೇ ಸಮಾಧಾನ. ಫೋನು ಸತ್ತುಹೋಯಿತು, ಅಂಗಡಿಗಳು ಬರಿದಾದವು. ಸ್ವಲ್ಪ ದಿನಕ್ಕೆ ಪಾಶ್ಚಾತ್ಯ ದೇಶದವರನ್ನು ಹುಡುಕಿ ಹಿಡಿದು ಒಯ್ಯುತ್ತಿದ್ದಾರೆ ಎಂಬ ಸುದ್ದಿ ಹಬ್ಬಿತು. ಒಂದು ಮಧ್ಯಾಹ್ನ ಇವರು ಕಾರಿನ ಹಿಂದಿನ ಸೀಟಿನಲ್ಲಿ ಆಕೆಯನ್ನು ಮಲಗಿಸಿ, ಮೇಲೆ ಅಕ್ಕಿ ಚೀಲ, ಕಂಬಳಿ ಹೇರಿಕೊಂಡು ಬಂದರು. ಬಾಗಿಲು ತೆಗೆದವಳು ನಾನು. ಆಕೆ ಒಂದು ರಟ್ಟಿನ ಪೆಟ್ಟಿಗೆಯನ್ನು ಎದೆಗೆ ಅವಚಿಕೊಂಡಿದ್ದಳು. ಬಟ್ಟೆ ತಂದಿರಲಿಲ್ಲ, ಕಾಗದ ತಂದಿದ್ದಳು.

"ಎಲ್ಲಿಗೂ ಹೋಗೋ ಹಾಗಿಲ್ಲ ಕಣೇ ಅವಳಿಗೆ," ಎಂದರು ಇವರು, ನನ್ನ ಮುಖ ನೋಡದೆ.

"ನಾನೇನು ಬೇಡ ಅಂದೆನಾ? ಒಳಗೆ ಕರ್ಕೊಂಡು ಬನ್ನಿ ಮೊದಲು," ಎಂದೆ.

ಮಗಳ ಕೋಣೆ ಬಿಟ್ಟುಕೊಟ್ಟೆ. ನನ್ನ ನೈಟಿ ಕೊಟ್ಟೆ, ಅದು ಆಕೆಗೆ ಮೊಣಕಾಲಿಗೆ ಬರುತ್ತಿತ್ತು. ಇದ್ದ ಬೇಳೆಗೆ ಇನ್ನೊಂದು ಲೋಟ ನೀರು ಹಾಕಿದೆ. ಅಷ್ಟೆಲ್ಲ ಮಾಡಿದರೂ ಸಂಜೆ ಇಬ್ಬರೂ ಆ ಪೆಟ್ಟಿಗೆ ಬಿಚ್ಚಿ ಕುಳಿತರೆ ನನ್ನ ಹೊಟ್ಟೆಯೊಳಗೆ ಅದೇ ಹಳೇ ಕಿಚ್ಚು. ಊರಿಗೆ ಬೆಂಕಿ ಬಿದ್ದಿದೆ, ಇವರಿಗೆ ಕಮ್ಮಾರನ ಚಿಂತೆ ಎಂದು ಪಾತ್ರೆ ಕುಕ್ಕುತ್ತಿದ್ದೆ.

ಇವರು ರೊಟ್ಟಿಯ ಕ್ಯೂಗೆ ಹೋಗಿದ್ದ ಒಂದು ಬೆಳಗ್ಗೆ ಸೈನಿಕರು ನಮ್ಮ ಕಟ್ಟಡಕ್ಕೆ ಬಂದರು. ಕೆಳಗಿನ ಮನೆಗಳ ಬಾಗಿಲು ಬಡಿಯುವುದು ಕೇಳಿಸಿತು. ನಾನು ಹತ್ತಿರದ ಕ್ಲಿನಿಕ್ಕಿನಲ್ಲಿ ಲ್ಯಾಬ್ ಟೆಕ್ನಿಷಿಯನ್. ಗೋಡೆಗೆ ತೂಗುಹಾಕಿದ್ದ ಬಿಳಿ ಕೋಟು ಹಾಕಿಕೊಂಡೆ. ಆಕೆಗೆ ಗೋಡೆ ಕಡೆ ತಿರುಗಿ ಮಲಗುವಂತೆ ಹೇಳಿ, ನನ್ನ ಹಳೇ ಸೀರೆಯನ್ನು ತಲೆಯಿಂದ ಪಾದದವರೆಗೆ ಹೊದಿಸಿದೆ. ಕೋಣೆ ತುಂಬ ಡೆಟಾಲ್ ಚೆಲ್ಲಿದೆ. ಬಾಗಿಲು ತೆಗೆದಾಗ ಇಬ್ಬರು ನಿಂತಿದ್ದರು, ಮೀಸೆ ಸರಿಯಾಗಿ ಬಲಿಯದವರು.

"ಹಿಂದಿಯಾ," ಎಂದೆ, ನಾನು ಇಂಡಿಯಾದವಳು ಎನ್ನುವುದಕ್ಕೆ. ಒಬ್ಬ ಒಳಗೆ ಬಂದು ಕೋಣೆಯ ಕಡೆ ಕೈ ತೋರಿಸಿದ.

"ನನ್ನ ಅತ್ತೆ. ಮರೀದಾ, ಬಹಳ ಕಾಯಿಲೆ," ಎಂದು ನನಗೆ ಬರುತ್ತಿದ್ದ ಮುರುಕು ಅರಬ್ಬಿಯಲ್ಲಿ ಹೇಳಿ, ಮೈಮೇಲೆ ಗುಳ್ಳೆ ಎದ್ದಂತೆ ನನ್ನ ತೋಳಿನ ಮೇಲೆ ಬೆರಳಿಂದ ಚುಕ್ಕೆ ಚುಕ್ಕೆ ಇಟ್ಟು ತೋರಿಸಿದೆ. ಅವನು ಬಾಗಿಲಲ್ಲೇ ನಿಂತ. ಮೂಗು ಮುಚ್ಚಿಕೊಂಡ. "ಖಲಾಸ್, ಖಲಾಸ್," ಎನ್ನುತ್ತ ಇಬ್ಬರೂ ಇಳಿದು ಹೋದರು.

ಸೀರೆ ಸರಿಸಿದರೆ ಆಕೆ ಬೆವರಿನಲ್ಲಿ ತೊಯ್ದುಹೋಗಿದ್ದಳು. ನನ್ನ ಎರಡೂ ಕೈ ಹಿಡಿದುಕೊಂಡಳು. ಇಬ್ಬರೂ ನೆಲದ ಮೇಲೆ ಕುಳಿತು ಸಕ್ಕರೆ ಇಲ್ಲದ ಚಹಾ ಕುಡಿದೆವು. ನಮ್ಮಿಬ್ಬರಿಗೂ ಬರುತ್ತಿದ್ದುದು ಇಂಗ್ಲಿಷ್. ಇಷ್ಟು ತಿಂಗಳಲ್ಲಿ ಆ ಇಂಗ್ಲಿಷನ್ನು ನಾವು ಬಳಸಿದ್ದು ಉಪ್ಪು ಬೇಕೇ, ಸಾಕೇ ಎನ್ನುವುದಕ್ಕಷ್ಟೇ.

"ನೀನು ಚಿಕ್ಕವಳಿದ್ದಾಗ ಎಲ್ಲಿದ್ದೆ?" ಎಂದು ಕೇಳಿದಳು.

ಹೇಳಿದೆ. ಸಿಗ್ನಲ್ ಕಂಬದ ಹತ್ತಿರ ಹುಣಿಸೆಹಣ್ಣು ಆರಿಸುತ್ತಿದ್ದುದು, ಗೂಡ್ಸ್ ಗಾರ್ಡಿನ ಮಗಳ ಜೊತೆ ಕುಂಟೇಬಿಲ್ಲೆ ಆಡಿದ್ದು, ಪ್ರತಿ ಸಲ ವರ್ಗವಾದಾಗಲೂ ಕಿಟಕಿಯಲ್ಲಿ ಮುಖವಿಟ್ಟು ಅತ್ತದ್ದು. ಕೊನೆಗೆ ಏನು ಅನ್ನಿಸಿತೋ, "ನಿನ್ನನ್ನು ಕಂಡರೆ ನನಗೆ ಹೊಟ್ಟೆಕಿಚ್ಚು," ಎಂದುಬಿಟ್ಟೆ.

"ನನ್ನ ಊರಿನಲ್ಲಿ ಒಂದು ಗೋಡೆಯೂ ನಿಂತಿಲ್ಲ," ಎಂದಳು.

"ಗೊತ್ತು. ಆದರೂ."

ಆಕೆ ಪೆಟ್ಟಿಗೆ ಎಳೆದು ಒಂದು ಕಟ್ಟು ನನ್ನ ಮಡಿಲಿಗಿಟ್ಟು, ಸಮಯ ಹೋಗಲಿ, ನೋಡು ಎಂದಳು. ಅಕ್ಷರ ಓದಲಾರೆ ಎಂದೆ. ಅಂಕಿ ಓದಬಹುದಲ್ಲ ಎಂದಳು.

ಅಂದಿನಿಂದ ದಿನವೂ ಅಂಕಿ ಓದಿದೆ. ಲ್ಯಾಬಿನಲ್ಲಿ ಹೆಸರಿನ ಗೊಂದಲವಾದರೆ ಹುಟ್ಟಿದ ದಿನ ನೋಡುವುದು ನಮ್ಮ ಅಭ್ಯಾಸ. ಅರ್ಧ ಕುವೈತಿನ ಹೆಸರುಗಳೂ ಒಂದೇ ಥರ ಇದ್ದಾಗ ಬೇರೇನು ಮಾಡುವುದು? ಆಕೆಯ ಗೆಳತಿಯ ಹುಟ್ಟಿದ ದಿನ ಹಳ್ಳಿಯ ಚರ್ಚಿನ ಹಾಳೆಯಲ್ಲಿ ಸ್ಪಷ್ಟವಾಗಿತ್ತು. ಒಂದು ಮಧ್ಯಾಹ್ನ ದೂರದ ಯಾವುದೋ ಪಟ್ಟಣದ ಚರ್ಚಿನ ಮದುವೆ ಪುಸ್ತಕದ ಹಾಳೆಯಲ್ಲಿ ಅದೇ ದಿನ, ಅದೇ ತಿಂಗಳು, ಅದೇ ವರ್ಷ ಕಣ್ಣಿಗೆ ಬಿತ್ತು. ಆಕೆಗೆ ತೋರಿಸಿದೆ. ಆಕೆ ದೀಪದ ಕೆಳಗಿಟ್ಟು ಓದಿದಳು, ಮತ್ತೆ ಓದಿದಳು. ಮದುಮಗಳ ಹೆಸರಿನಲ್ಲಿ ಮೊದಲ ಎರಡು ಪದ ಬಿಟ್ಟುಹೋಗಿದ್ದವು, ತವರಿನ ಹೆಸರಿನ ಕಾಗುಣಿತ ಕೆಟ್ಟಿತ್ತು. ಹೆಸರು ಹಿಡಿದು ಹುಡುಕುತ್ತಿದ್ದ ಇಬ್ಬರೂ ಆ ಹಾಳೆಯನ್ನು ದಾಟಿಕೊಂಡು ಹೋಗಿದ್ದರು. ಆಕೆ ಬಾಯಿಗೆ ಕೈ ಒತ್ತಿಕೊಂಡು ಸದ್ದಿಲ್ಲದೆ ಅತ್ತಳು, ಸದ್ದು ಮಾಡುವಂತಿರಲಿಲ್ಲ.

ಇವರು ಬಂದಾಗ ನಾವಿಬ್ಬರೂ ಆ ಹಾಳೆಯ ಮೇಲೆ ಬಾಗಿದ್ದೆವು. ವಿಷಯ ಕೇಳಿ, "ಓ, ಹೌದಾ?" ಎಂದರು. ರೊಟ್ಟಿಯ ಚೀಲ ಕೆಳಗಿಡುವುದನ್ನು ಮರೆತು ನಿಂತೇ ಇದ್ದರು. "ಆ ಕಟ್ಟು ನಾಳೆ ನೋಡೋಣ ಅಂತಿದ್ದೆ ನಾನು," ಎಂದರು ಆಮೇಲೆ. ಆ ಧ್ವನಿ ನನಗೆ ಪರಿಚಿತ. ನನ್ನದೇ ಧ್ವನಿ ಅದು.

ಪಾಶ್ಚಾತ್ಯ ದೇಶದ ಹೆಂಗಸರನ್ನೂ ಮಕ್ಕಳನ್ನೂ ಹೊರಗೆ ಹೋಗಲು ಬಿಡುತ್ತಾರೆಂದು ರೇಡಿಯೋದಲ್ಲಿ ಬಂದ ಮೇಲೆ ಆಕೆ ಹೊರಟಳು. ಹೆಚ್ಚು ಸಾಮಾನು ಒಯ್ಯುವಂತಿರಲಿಲ್ಲ. ಗೆಳತಿಯ ಆ ಎರಡು ಹಾಳೆ ಮಡಿಸಿ ಬಟ್ಟೆಯೊಳಗೆ ಇಟ್ಟುಕೊಂಡು ಪೆಟ್ಟಿಗೆಯನ್ನು ಇವರ ಕೈಗೆ ಕೊಟ್ಟಳು. ಮೆಟ್ಟಿಲಿಳಿಯುವಾಗ ಇವರ ಹತ್ತಿರ ಜರ್ಮನ್‌ನಲ್ಲಿ ಉದ್ದಕ್ಕೂ ಏನೋ ಹೇಳಿದಳು. ಏನೆಂದು ನಾನು ಕೇಳಲಿಲ್ಲ. ಕೇಳಬೇಕೆಂದು ಜೀವ ಹೋಗುತ್ತಿತ್ತು.

ನಮ್ಮ ಸರದಿ ಬಂದದ್ದು ಆಮೇಲೆ. ಬಸ್ಸಿನಲ್ಲಿ ಬಸ್ರಾ, ಬಾಗ್ದಾದ್ ದಾಟಿ ಜೋರ್ಡಾನ್‌ವರೆಗೆ ಹೋಗಿ ಅಲ್ಲಿಂದ ವಿಮಾನ. ಒಬ್ಬೊಬ್ಬರಿಗೆ ಒಂದೇ ಚೀಲ ಎಂದಿದ್ದರು. ಇವರು ತಮ್ಮ ಚೀಲದ ತಳಕ್ಕೆ ಆ ಪೆಟ್ಟಿಗೆಯ ಕಾಗದ ಜೋಡಿಸಿ ಮೇಲೆ ಎರಡು ಶರ್ಟು ತುರುಕಿದರು. ನಮ್ಮ ಮದುವೆ ಆಲ್ಬಮ್ಮಿಗೆ ಜಾಗವಿರಲಿಲ್ಲ.

"ಅವಳ ಊರು ಹೊರೋಕೆ ಜಾಗ ಇದೆ, ನನ್ನನ್ನ ಹೊರೋಕೆ ಇಲ್ಲ ಅಲ್ವಾ?" ಎಂದೆ.

"ಮಾತು ಕೊಟ್ಟಿದೀನಿ ಕಣೇ."

"ಅಗ್ನಿ ಮುಂದೆ ನನಗೂ ಕೊಟ್ಟಿದ್ರಿ."

ಇವರು ಒಂದು ಶರ್ಟು ಹೊರಗೆ ತೆಗೆದರು. ಆಲ್ಬಮ್ ಆಗಲೂ ಹಿಡಿಯಲಿಲ್ಲ. ನಾನು ಫೋಟೋಗಳನ್ನು ಕಿತ್ತು ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಜೋರ್ಡಾನ್ ಗಡಿಯ ಗುಡಾರದಲ್ಲಿ ಇವರು ಆ ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗುತ್ತಿದ್ದರು. ಮೈಸೂರಿಗೆ ಬಂದ ಕೂಡಲೇ ಮೊದಲು ಮಾಡಿದ ಕೆಲಸ ಪೋಸ್ಟಾಫೀಸಿಗೆ ಹೋಗಿ ಆ ಕಾಗದಗಳನ್ನು ಜರ್ಮನಿಗೆ ಕಳಿಸಿದ್ದು.

ಯುದ್ಧ ಮುಗಿದ ಮೇಲೆ, ೧೯೯೧ರ ಕೊನೆಯಲ್ಲಿ ಕುವೈತಿಗೆ ಮರಳಿದೆವು. ಎಣ್ಣೆಬಾವಿಗಳ ಬೆಂಕಿ ಆರಿತ್ತು, ಆದರೆ ಎಷ್ಟು ಒರೆಸಿದರೂ ಕಿಟಕಿಯಿಂದ ಮಸಿ ಬರುತ್ತಲೇ ಇತ್ತು. ಒಂದು ಶುಕ್ರವಾರ ಫೋನು ಬಂತು. ಇವರು ಜರ್ಮನ್‌ನಲ್ಲಿ ಶುರುಮಾಡಿ ಹೊಟ್ಟೆಯಿಂದ ನಕ್ಕರು. ನಾನು ಒರೆಸುವ ಬಟ್ಟೆ ಹಿಡಿದು ಪಕ್ಕದಲ್ಲೇ ನಿಂತೆ. ಇಷ್ಟೆಲ್ಲ ಆದ ಮೇಲೂ ಒಳಗೆ ಅದೇ ಹಳೇ ಕಿಚ್ಚು ಎದ್ದಿತು. ಕೊನೆಗೆ ರಿಸೀವರ್ ನನ್ನ ಕಡೆ ಚಾಚಿದರು. "ನಿನ್ನ ಹತ್ರ ಮಾತಾಡಬೇಕಂತೆ."

ಗೆಳತಿ ಸಿಕ್ಕಿದ್ದಳು. ಮೊಮ್ಮಕ್ಕಳಾಗಿದ್ದವಂತೆ. ಆಕೆ ರೈಲು ಹಿಡಿದು ಹೋಗಿ ಒಂದು ಇಡೀ ದಿನ ಜೊತೆಗಿದ್ದು ಬಂದಿದ್ದಳು.

"ಸಂತೋಷವಾಯಿತಾ?" ಎಂದೆ.

"ಊರಿನ ಇನ್ನೊಬ್ಬಳು ಹುಡುಗಿ, ಗಿರಣಿಯವರ ಮಗಳು, ನನ್ನ ಗೆಳತಿ ಇದ್ದ ಪಟ್ಟಣದಲ್ಲೇ ಇದ್ದಳಂತೆ. ಇಷ್ಟು ವರ್ಷವೂ ಪ್ರತಿ ಭಾನುವಾರ ಒಟ್ಟಿಗೆ ಕಾಫಿ ಕುಡಿದಿದ್ದಾರೆ. ದಿನವೆಲ್ಲ ಆ ಗಿರಣಿಯವಳ ಮಾತೇ. ನನ್ನ ಜೊತೆ ಒಂದೇ ಬೆಂಚಿನಲ್ಲಿ ಕೂತಿದ್ದು ಗೆಳತಿಗೆ ನೆನಪೇ ಇಲ್ಲ. ನನಗೆ ಕೇಕು ಗಂಟಲಲ್ಲಿ ಇಳಿಯಲಿಲ್ಲ."

ನಗು ಬಂತು, ತಡೆದುಕೊಂಡೆ. ಆಮೇಲೆ ಆಕೆಯೇ ಮೊದಲು ನಕ್ಕಳು. ಇಬ್ಬರೂ ಲೈನು ಕಡಿಯುವವರೆಗೆ ನಕ್ಕೆವು. ಮತ್ತೆ ಹೋಗುತ್ತೀಯಾ ಎಂದು ಕೇಳಿದ್ದಕ್ಕೆ, ಹೋಗುತ್ತೇನೆ, ಗಿರಣಿಯವಳನ್ನೂ ನೋಡಬೇಕು, ನೋಡದೆ ನಿದ್ದೆ ಬರುವುದಿಲ್ಲ ಎಂದಿದ್ದಳು.

"ಏನಂದಳು?" ಎಂದರು ಇವರು. ಎಲ್ಲ ಹೇಳಿದೆ. "ಗಿರಣಿಯವರ ಮಗಳಾ? ಆ ಮನೆ ಆಲೂಗಡ್ಡೆ ಹೊಲದ ಆಚೆ ಇತ್ತು," ಎಂದರು, ತಾವೇ ಆ ಊರಿನಲ್ಲಿ ಹುಟ್ಟಿದವರ ಹಾಗೆ.