ಕಮಲಾಪುರದ ನೀರಿಗೊಂದು ಶಿಕ್ಕಾ

ಕಮಲಾಪುರದಲ್ಲಿರುವ ನನ್ನ ಅಕ್ಕ ಫೋನ್ ಮಾಡಿದಾಗಲೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಳು. “ನಮ್ಮ ಓಣ್ಯಾಗ ಎರಡು ಬೋರ್ ಅದಾವ. ಯಾವುದರ ನೀರು ಕುಡೀಬೇಕವ್ವಾ? ಸರ್ಕಾರಿ ಆಫೀಸಿನಾಗ ಕುಂತೀದಿ, ಅಷ್ಟೂ ಗೊತ್ತಿಲ್ಲೇನು?” ಗೊತ್ತಿರಲಿಲ್ಲ. ನೀರು ಪರೀಕ್ಷೆ ಮಾಡಿದ್ದರು, ಫಲಿತಾಂಶವೂ ಬಂದಿತ್ತು, ಅದು ಕಮಲಾಪುರದ ತಾಲ್ಲೂಕು ಕಚೇರಿಯ ಬೀರುವಿನಲ್ಲಿ ತಣ್ಣಗೆ ಕೂತಿತ್ತು. ಫ್ಲೋರೈಡ್ ನೀರಿಗೆ ಅಕ್ಕನ ಮಗಳ ಹಲ್ಲು ಆಗಲೇ ಕಂದು ಬಣ್ಣಕ್ಕೆ ತಿರುಗಿದ್ದವು. ನೆನೆಸಿಕೊಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ನಾನು ಕಲಬುರಗಿಯಲ್ಲಿ ಗುತ್ತಿಗೆ ಮೇಲೆ ಕಂಪ್ಯೂಟರ್ ಕೆಲಸಕ್ಕಿದ್ದೆ. ಸರ್ಕಾರದ ಮಾಹಿತಿಯನ್ನು ಜನರೆದುರು ತೆರೆದಿಡುವ ವೆಬ್‌ಸೈಟ್ ಕಟ್ಟುವ ಹೊಣೆ ನನ್ನದು. ಬಳಸಿದ್ದು ಮುಕ್ತ ತಂತ್ರಾಂಶ. ಯಾರು ಬೇಕಾದರೂ ಪುಕ್ಕಟೆ ತೆಗೆದುಕೊಂಡು, ಒಳಗೆ ಕೈಹಾಕಿ ತಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ನಮ್ಮ ಕಚೇರಿಯ ಸಾಹೇಬರು ಕಡ್ಡಿ ಮುರಿದಂತೆ ಹೇಳಿದ್ದರು: “ಮುಂದಿನ ಮೀಟಿಂಗಿನೊಳಗ ಒಂದಾದ್ರೂ ತಾಲ್ಲೂಕಿನ ಮಾಹಿತಿ ಕಾಣಬೇಕು. ಇಲ್ಲಂದ್ರ ಬಂದ್ ಮಾಡ್ರಿ.” ನಾನು ಕಮಲಾಪುರದ ನೀರನ್ನೇ ಆರಿಸಿಕೊಂಡೆ. ಸ್ವಾರ್ಥ ಅನ್ನಿ, ಪರವಾಗಿಲ್ಲ.

ಅಲ್ಲಿನ ತಾಲ್ಲೂಕು ಕಚೇರಿಗೆ ಬರೆದು ಫಲಿತಾಂಶ ಕೇಳಿದೆ. ಬಂದದ್ದೇನು? ಫೋಟೋ! ಅಲ್ಲಿನ ಗುಮಾಸ್ತರು ಕಂಪ್ಯೂಟರಿನಲ್ಲಿ ಚೆಂದಾಗಿ ಟೈಪ್ ಮಾಡಿ, ಪ್ರಿಂಟ್ ತೆಗೆದು, ಸಹಿ ಹಾಕಿ, ಕಚೇರಿಯ ಶಿಕ್ಕಾ, ಅಂದರೆ ಮೊಹರು, ಒತ್ತಿ, ಆ ಕಾಗದದ ಫೋಟೋ ಕಳಿಸಿದ್ದರು. ಫೋಟೋದೊಳಗಿನ ಅಂಕಿ ತಂತ್ರಾಂಶಕ್ಕೆ ಓದಲು ಬಾರದು; ಅದಕ್ಕೆ ಬೇಕಾದ್ದು ಟೈಪ್ ಮಾಡಿದ ಮೂಲ ಫೈಲು. ಬಸ್ ಹತ್ತಿ ಕಮಲಾಪುರಕ್ಕೆ ಜಗಳಕ್ಕೆಂದೇ ಹೋದೆ.

“ಶಿಕ್ಕಾ ಇಲ್ಲದ್ದು ಹೆಂಗ ಕೊಡ್ಲಿರೀ ಮೇಡಂ?” ಎಂದರು ಗುಮಾಸ್ತರು. “ನಾಳೆ ಯಾರರ ಒಂದು ಅಂಕಿ ತಿದ್ದಿದ್ರ ಕುತ್ತಿಗಿಗೆ ಬರೋದು ನನಗ. ಶಿಕ್ಕಾ ಬಿತ್ತಂದ್ರ ಮಾತು ಪಕ್ಕಾ.”

“ಹಂಗಾದ್ರ ಆ ಶಿಕ್ಕಾಕ್ಕ ಪೂಜಿ ಮಾಡ್ಕೋತ ಕುಂದರ್ರಿ!” ಎಂದು ಸಿಡುಕಿ ಹೊರಬಿದ್ದೆ. ಬಸ್‌ಸ್ಟ್ಯಾಂಡಿನಲ್ಲಿ ಕೆಂಪು ಬಾಳೆಹಣ್ಣು ಸುಲಿದು ತಿನ್ನುವಾಗ ಸಿಟ್ಟು ಇಳಿಯಿತು. ಆ ಮನುಷ್ಯನ ಅಂಜಿಕೆ ಸುಳ್ಳೇನಲ್ಲ. ತಂತ್ರಾಂಶದಲ್ಲಿ ಶಿಕ್ಕಾ ಇಲ್ಲ, ಸರಿ. ಹಾಕಬೇಡ ಅಂದವರು ಯಾರು?

ಹಾಕಿದೆ. ಜವಾಬ್ದಾರರು ಗುಂಡಿ ಒತ್ತಿದರೆ ಪಟ್ಟಿಯ ಮೇಲೆ ದುಂಡನೆಯ ನೇರಳೆ ಶಿಕ್ಕಾ ಮೂಡಬೇಕು. ಆಮೇಲೆ ಯಾರು ಒಂದು ಅಂಕಿ ಮುಟ್ಟಿದರೂ ಅದು ಅಳಿಸಿಹೋಗಬೇಕು. ಮತ್ತೆ ಕಮಲಾಪುರದ ಬಸ್ಸು. ಗುಮಾಸ್ತರು ಒತ್ತಿದರು, ಶಿಕ್ಕಾ ಬಿತ್ತು. ಓರೆಗಣ್ಣಿನಲ್ಲಿ ನನ್ನನ್ನು ನೋಡಿ ಬೇಕಂತಲೇ ಒಂದು ಅಂಕಿ ತಿದ್ದಿದರು. ಹೋಯಿತು! ಅಂಕಿ ಸರಿಮಾಡಿ ಮತ್ತೆ ಒತ್ತಿದರು. ಬಿತ್ತು! “ಅರೆ ವಾಹ್! ಈಗ ಆತು ನೋಡ್ರಿ ಸರ್ಕಾರಿ ಕಾಗದ!” ಎಂದು ಮೇಜು ಕುಟ್ಟಿದರು. ಇಡೀ ತಾಲ್ಲೂಕಿನ ಫೈಲು ಕೊಟ್ಟು, ಮೇಲೆ ಚಹಾನೂ ಕುಡಿಸಿದರು.

ಮೀಟಿಂಗಿನಲ್ಲಿ ಕಮಲಾಪುರದ ನಕ್ಷೆ ಪರದೆಯ ಮೇಲೆ ಬಂತು. ಒಳ್ಳೆಯ ನೀರಿಗೆ ಹಸಿರು ಚುಕ್ಕೆ, ಕೆಟ್ಟದ್ದಕ್ಕೆ ಕೆಂಪು, ಕೆಳಗೆ ಶಿಕ್ಕಾ. ಸಾಹೇಬರು ಉಳಿದ ತಾಲ್ಲೂಕಿನವರ ಕಡೆ ತಿರುಗಿ, “ನಿಮ್ಮದು ಯಾವಾಗ್ರಿ?” ಎಂದು ಗುಡುಗಿದರು. ಕುಣಿಯುವುದೊಂದು ಬಾಕಿ ನನಗೆ. ಮುಂದೆ ಆ ತಂತ್ರಾಂಶ ಕಟ್ಟಿದ ದೂರದೇಶದವರೂ ನನ್ನ ಶಿಕ್ಕಾವನ್ನು ತಮ್ಮದರಲ್ಲಿ ಸೇರಿಸಿಕೊಂಡರು. ಆ ಹಿಗ್ಗು ಆಮೇಲಿನದು. ಮೀಟಿಂಗ್ ಮುಗಿದೊಡನೆ ಅಕ್ಕನ ಮೊಬೈಲಿಗೆ ನಕ್ಷೆ ಕಳಿಸಿದ್ದೆ; ಸಂಜೆಯೇ ಅವಳ ಫೋನ್ ಬಂತು.

“ಗುಡಿ ಮುಂದಿನ ಬೋರ್ ಕೆಂಪು, ಮಕ್ಕಳ ಸಾಲಿ ಹಿಂದಿಂದು ಹಸಿರು. ನಾ ಹೇಳಿದ್ರ ಓಣ್ಯಾಗ ಒಬ್ಬರೂ ನಂಬಲಿಲ್ಲ, ಮೊಬೈಲಿನಾಗ ಏನೇನರ ಬರ್ತಾವ ಅಂದ್ರು. ಕಡೀಗೆ ಮಗ್ಗಲಮನಿ ಮುದುಕಿ ಚಾಚಿ ಕಣ್ಣಿಗೆ ಚಾಳೀಸ ಹಾಕ್ಕೊಂಡು ನೋಡಿ, ‘ಶಿಕ್ಕಾ ಅದ, ನಡೀರಿ’ ಅಂದ್ಲು. ಈಗ ಎಲ್ಲಾರೂ ಸಾಲಿ ಹಿಂದ ಕೊಡ ಇಟ್ಟು ಪಾಳಿ ಹಚ್ಚೀವಿ!”

ಅವಳ ಹಿಂದೆ ಕೊಡಗಳು ಒಂದಕ್ಕೊಂದು ತಾಗುವ ಸದ್ದು ಕೇಳುತ್ತಿತ್ತು. ಕಚೇರಿಯ ಮೆಟ್ಟಿಲ ಮೇಲೆ ನಿಂತು ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.